ದೂರು ಕೊಡಲು ಬಾಗಿಲಿಲ್ಲದ ಒಪ್ಪಂದಗಳು

ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ಭಾರತ 2025ರ ಜುಲೈ 24ರಂದು ಸಹಿ ಹಾಕಿತು. ಅದರಲ್ಲಿ ಕಾರ್ಮಿಕರಿಗೆಂದೇ ಒಂದು ಅಧ್ಯಾಯವಿದೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ದೇಶಗಳೊಂದಿಗಿನ ಒಪ್ಪಂದ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಲ್ಲೂ ಕಾರ್ಮಿಕ ಹಕ್ಕಿನ ಮಾತಿದೆ. ಎರಡರಲ್ಲೂ ಕೊರತೆ ಒಂದೇ. ಸುಂಕದ ವಿಷಯದಲ್ಲಿ ಮಾತು ತಪ್ಪಿದರೆ ವ್ಯಾಜ್ಯ ಹೂಡಬಹುದು, ಕಾರ್ಮಿಕರ ವಿಷಯದಲ್ಲಿ ತಪ್ಪಿದರೆ ಬರೀ ಸಮಾಲೋಚನೆ. ಇದು ದೇಶದ ಸಾರ್ವಭೌಮತೆಗೆ ಸಂದ ಜಯ ಎನ್ನುವವರಿದ್ದಾರೆ. ಕಲಬುರಗಿಯ ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರ ಕಡೆ ನಿಂತು ನೋಡಿದರೆ ಇದು ಸೋಲು.

ನಮ್ಮ ಸಿಮೆಂಟಿಗೂ ಲಂಡನ್ನಿಗೂ ಏನು ಸಂಬಂಧ ಎಂದು ಕೇಳಬಹುದು. ಮಳಖೇಡದ ಆದಿತ್ಯನಗರದಲ್ಲಿ ತುಂಬುವ ಚೀಲಗಳು ಹೆಚ್ಚಾಗಿ ದೇಶದೊಳಗೇ ಖರ್ಚಾಗುತ್ತವೆ, ನಿಜ. ಆದರೆ ಗಡಿ ದಾಟುವುದು ಸರಕು ಮಾತ್ರವಲ್ಲ, ಬಂಡವಾಳವೂ ಹೌದು. ಆ ನಾಲ್ಕು ದೇಶಗಳ ಒಪ್ಪಂದದಲ್ಲಿ 15 ವರ್ಷಗಳಲ್ಲಿ 10,000 ಕೋಟಿ ಡಾಲರ್ ಹೂಡಿಕೆಯ ಗುರಿಯಿದೆ. ಇಲ್ಲಿನ ವಾಡಿಯಲ್ಲಿ ಕಾರ್ಖಾನೆಯಿರುವ ಸಿಮೆಂಟ್ ಕಂಪನಿ ಎಸಿಸಿ, 2022ರಲ್ಲಿ ಅದಾನಿ ಗುಂಪಿಗೆ ಹೋಗುವವರೆಗೆ ಸ್ವಿಟ್ಜರ್ಲೆಂಡ್ ಮೂಲದ ಹೋಲ್ಸಿಮ್ ಹಿಡಿತದಲ್ಲಿತ್ತು. ಇದೇ ಎಸಿಸಿಯ ಛತ್ತೀಸಗಢದ ಜಾಮುಲ್ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರ ಸಂಘ ದೇಶದೊಳಗಿನ ಕಚೇರಿ, ಕೋರ್ಟು ಅಲೆದ ಮೇಲೆ, ಬಹುರಾಷ್ಟ್ರೀಯ ಕಂಪನಿಗಳ ಮೇಲಿನ ದೂರು ಕೇಳುವ ಸ್ವಿಸ್ ಸರ್ಕಾರದ ಕಚೇರಿಗೆ 2012ರಲ್ಲಿ ಹೋಲ್ಸಿಮ್ ವಿರುದ್ಧ ದೂರು ಒಯ್ದಿತು. 2016ರಲ್ಲಿ ಸಂಘಕ್ಕೂ ಕಂಪನಿಗೂ ರಾಜಿಯಾಯಿತು. ಆ ಕಚೇರಿಗೆ ದಂಡಿಸುವ ಅಧಿಕಾರವಿಲ್ಲ. ಆದರೂ ಹೋಗಿ ಹೇಳಿಕೊಳ್ಳಲು ಒಂದು ಬಾಗಿಲಾದರೂ ಇತ್ತು.

ಗುತ್ತಿಗೆ ಕಾರ್ಮಿಕನ ನೌಕರಿ ನಿಂತಿರುವುದು ಗೇಟ್ ಪಾಸಿನ ಮೇಲೆ. ಪಾಸ್ ತಡೆದರೆ ಮುಗಿಯಿತು: ನೋಟಿಸಿಲ್ಲ, ವಿಚಾರಣೆಯಿಲ್ಲ, ಪಾಳಿಗೆ ಬಂದವನು ಗೇಟಿನಿಂದಲೇ ಮನೆಗೆ. ಗುತ್ತಿಗೆದಾರ ಬದಲಾದರೆ, ಅದೇ ಪ್ಯಾಕಿಂಗ್ ಪ್ಲಾಂಟಿನಲ್ಲಿ ವರ್ಷಗಟ್ಟಲೆ 50 ಕೆ.ಜಿ. ಚೀಲ ಹೊತ್ತವನು ಹೊಸ ಲೆಕ್ಕದಲ್ಲಿ ಮತ್ತೆ ಮೊದಲ ದಿನದ ಆಳು. ಇಂಥವನು ಯಾವ ಧೈರ್ಯದ ಮೇಲೆ ಸಂಘ ಸೇರಬೇಕು? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆ, ಕೆಲವು ವಿನಾಯಿತಿ ಬಿಟ್ಟರೆ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಬಳಸಬಾರದು ಎನ್ನುತ್ತದೆ. ಲೋಡಿಂಗ್, ಅನ್‌ಲೋಡಿಂಗ್ ಮುಂತಾದವನ್ನು ಮಾತ್ರ ಸಾಮಾನ್ಯವಾಗಿ ಮುಖ್ಯ ಕೆಲಸವಲ್ಲ ಎಂದು ಹೊರಗಿಡುತ್ತದೆ. ಗುತ್ತಿಗೆ ಕಾರ್ಮಿಕರ ಕಾನೂನು ಅನ್ವಯವಾಗಲು ಮೊದಲು 20 ಜನ ಸಾಕಿತ್ತು, ಈಗ 50 ಜನ ಬೇಕು. ಶಹಾಬಾದ್ ಕಲ್ಲಿನ ಗಣಿ, ಪಾಲಿಶ್ ಘಟಕಗಳಲ್ಲಿ ಎಷ್ಟು ಕಡೆ 50 ಗುತ್ತಿಗೆ ಆಳುಗಳಿರುತ್ತಾರೆ?

ವಿಶ್ವ ವ್ಯಾಪಾರ ಸಂಸ್ಥೆಯ 1996ರ ಸಿಂಗಪುರ ಸಮ್ಮೇಳನದಲ್ಲಿ ಭಾರತ, ಕಾರ್ಮಿಕ ಷರತ್ತುಗಳನ್ನು ವ್ಯಾಪಾರಕ್ಕೆ ಬೆರೆಸಬೇಡಿ, ಅದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ನೋಡಿಕೊಳ್ಳಲಿ ಎಂದು ಹಟ ಹಿಡಿದಿತ್ತು. ಶ್ರೀಮಂತ ದೇಶಗಳು ಕಾರ್ಮಿಕರ ಹೆಸರಿನಲ್ಲಿ ನಮ್ಮ ಸರಕಿಗೆ ಬಾಗಿಲು ಮುಚ್ಚಬಹುದೆಂಬ ಆ ಸಂಶಯ ಆಧಾರವಿಲ್ಲದ್ದಲ್ಲ. ಆದರೆ ಆ ಸಂಘಟನೆಯ 87 ಮತ್ತು 98ನೇ ಒಡಂಬಡಿಕೆಗಳನ್ನು, ಅಂದರೆ ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕನ್ನು, ಭಾರತ ಇನ್ನೂ ಅನುಮೋದಿಸಿಲ್ಲ. ಅಲ್ಲಿ ಕೇಳಿ ಎಂದವರು ಅಲ್ಲೂ ಉತ್ತರ ಕೊಡದಿದ್ದರೆ ಕಾರ್ಮಿಕ ಎಲ್ಲಿಗೆ ಹೋಗಬೇಕು?

ದೇಶಕ್ಕೆ ದೇಶವನ್ನೇ ದಂಡಿಸುವ ಷರತ್ತು ಬೇಡ, ಒಪ್ಪಿದೆ. ತಪ್ಪು ಮಾಡಿದ ಕಾರ್ಖಾನೆಯನ್ನಷ್ಟೇ ಕೇಳುವ ದಾರಿಯೂ ಇದೆ. ಮೆಕ್ಸಿಕೊದ ಸಿಲಾವೊದಲ್ಲಿರುವ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ 2021ರಲ್ಲಿ ಕಾರ್ಮಿಕರ ಮತದಾನದಲ್ಲಿ ಅಕ್ರಮ ನಡೆದಾಗ, ಉತ್ತರ ಅಮೆರಿಕದ ವ್ಯಾಪಾರ ಒಪ್ಪಂದದಡಿ ಅಮೆರಿಕ ಆ ಒಂದು ಕಾರ್ಖಾನೆಯ ಬಗ್ಗೆ ಪ್ರಶ್ನೆ ಎತ್ತಿತು. ಮರುಮತದಾನ ನಡೆಯಿತು, ಮರುವರ್ಷ ಸ್ವತಂತ್ರ ಸಂಘ ಗೆದ್ದಿತು. ಆ ವ್ಯವಸ್ಥೆ ಹೆಚ್ಚುಕಡಿಮೆ ಮೆಕ್ಸಿಕೊ ಕಡೆಗಷ್ಟೇ ಬೆರಳು ತೋರಿಸುತ್ತದೆ, ಅದು ಅನ್ಯಾಯ. ನಾವು ಎರಡೂ ಕಡೆಗೆ ಸಮನಾದ ಹಕ್ಕು ಕೇಳಬೇಕು. ಬ್ರಿಟನ್ನಿನಲ್ಲಿ ದುಡಿಯುವ ನಮ್ಮ ನರ್ಸುಗಳಿಗೂ ಅದು ಬೇಕು.

ನಮ್ಮಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಆದರೆ ಸಂಸತ್ತಿನಲ್ಲಿ ಪ್ರಶ್ನೆ ಕೇಳಲು ಯಾರ ತಡೆಯೂ ಇಲ್ಲ. ಸೇಡಂ, ಚಿತ್ತಾಪುರ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿವೆ, ಪಕ್ಕದ ಚಿಂಚೋಳಿ ಬೀದರ್ ಕ್ಷೇತ್ರದಲ್ಲಿದೆ. ಈ ಎರಡು ಕ್ಷೇತ್ರಗಳ ಸಂಸದರು ಮುಂದಿನ ಅಧಿವೇಶನದಲ್ಲಿ 87 ಮತ್ತು 98ನೇ ಒಡಂಬಡಿಕೆಗಳ ಅನುಮೋದನೆ ಯಾವಾಗ ಎಂದು ಸರ್ಕಾರವನ್ನು ಕೇಳಲಿ, ಉತ್ತರವನ್ನು ತಂದು ಇಲ್ಲಿನ ಕಾರ್ಖಾನೆಗಳ ಗೇಟಿನ ಮುಂದೆ ಕಾರ್ಮಿಕರಿಗೆ ಓದಿ ಹೇಳಲಿ.