ಶಕ್ತಿಯ ಸೂಜಿ, ಮೊಗದ ಮೊಡವೆ



ಅಡಿಕೆ ಕೊಯ್ಲು ಮುಗಿದು ಲಗ್ನದ ದಿನಗಳು ಹತ್ತಿರವಾಗುತ್ತಿದ್ದಾಗ, ಚನ್ನಗಿರಿ ಕಡೆಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಇಪ್ಪತ್ತೇಳು ವರ್ಷದ ಆಕೆಗೆ ಹರೆಯದಲ್ಲಿಯೂ ಮೊಡವೆ ಕಾಡಿರಲಿಲ್ಲ. ಈಗ ಹದಿನೈದೇ ದಿನಗಳಲ್ಲಿ ಮುಖ, ಎದೆ, ಬೆನ್ನಿನ ಮೇಲ್ಭಾಗದಲ್ಲೆಲ್ಲ ಒಂದೇ ಬಗೆಯ ಕೆಂಪು ಗುಳ್ಳೆಗಳು ಎದ್ದಿದ್ದವು. "ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಡಾಕ್ಟ್ರೇ, ತಂಪಿಗೆ ಏನಾದರೂ ಕೊಡಿ" ಎಂದರು ತಾಯಿ. ವಿಚಾರಿಸುತ್ತ ಹೋದಾಗ ನಿಜ ಸಂಗತಿ ತಿಳಿಯಿತು. ಸುಸ್ತು ಹೋಗಲೆಂದು ದಿನ ಬಿಟ್ಟು ದಿನ ಐದು 'ಶಕ್ತಿ ಸೂಜಿ' ಮಾಡಿಸಿದ್ದರು. ಅದು ಬಿ12 ಜೀವಸತ್ವದ ಚುಚ್ಚುಮದ್ದು. ರಕ್ತಪರೀಕ್ಷೆಯನ್ನು ಮಾತ್ರ ಯಾರೂ ಮಾಡಿಸಿರಲಿಲ್ಲ.

ಹೊನ್ನಾಳಿ, ನ್ಯಾಮತಿಗಳಲ್ಲಿ ನಾಟಿ ಮುಗಿಸಿ ಸೊಂಟ ಹಿಡಿದವರಾಗಲಿ, ಜಗಳೂರಿನಲ್ಲಿ ಮೆಕ್ಕೆಜೋಳ ಮುರಿದು ದಣಿದವರಾಗಲಿ, ವೈದ್ಯರ ಮುಂದೆ ಕುಳಿತೊಡನೆ ಕೇಳುವುದು ಒಂದೇ: "ಒಂದು ಸೂಜಿ ಹಾಕಿಬಿಡಿ." ಈ ರೂಢಿಗೆ ವೈದ್ಯರಾದ ನಾವೂ ಹೊಣೆಗಾರರು. ಸೂಜಿ ಏಕೆ ಬೇಡವೆಂದು ತಿಳಿಹೇಳಲು ಕಾಲು ಗಂಟೆ ಬೇಕು. ಚುಚ್ಚಲು ಅರೆನಿಮಿಷ ಸಾಕು.

ವಯಸ್ಕರಿಗೆ ದಿನವೊಂದಕ್ಕೆ ಬೇಕಾದ ಬಿ12 ಸುಮಾರು 2 ಮೈಕ್ರೋಗ್ರಾಂ. ಒಂದು ಸೂಜಿಯಲ್ಲಿ ಸಾಮಾನ್ಯವಾಗಿ 1000 ಮೈಕ್ರೋಗ್ರಾಂ ಇರುತ್ತದೆ. ಕೊರತೆಯಿದ್ದವರಿಗೆ ಇದು ಸಂಜೀವಿನಿ. ಆದರೆ ಕೆಲವರ ಚರ್ಮ ಇದಕ್ಕೆ ಮುನಿಯುತ್ತದೆ. ನಮ್ಮೆಲ್ಲರ ಚರ್ಮದ ರಂಧ್ರಗಳಲ್ಲಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಬಿ12 ಹೇರಳವಾದಾಗ ಅವು ಪಾರ್ಫಿರಿನ್ ಎಂಬ ವಸ್ತುವನ್ನು ಹೆಚ್ಚಾಗಿ ತಯಾರಿಸಿ ಉರಿಯೂತವನ್ನು ಎಬ್ಬಿಸಬಹುದೆಂದು 2015ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅಪರೂಪಕ್ಕೆ ಜೀವಸತ್ವದ ಸೂಜಿಯಿಂದ ಪಿತ್ತಗಂಧೆಯೂ ಏಳುವುದುಂಟು. ಚುಚ್ಚಿದ ಜಾಗ ಗಂಟುಕಟ್ಟಿ ಕೀವಾಗುವುದೂ ಉಂಟು.

ಸುಶ್ರುತಾಚಾರ್ಯರು ಹರೆಯದ ಮೊಡವೆಯನ್ನು 'ಮುಖದೂಷಿಕಾ' ಎಂದು ಕರೆದು, ಕಫ, ವಾತ, ರಕ್ತಗಳ ದುಷ್ಟಿಯೇ ಅದಕ್ಕೆ ಕಾರಣವೆಂದರು. ಹರೆಯ ದಾಟಿದವರಲ್ಲಿ ಹಠಾತ್ತನೆ ಗುಳ್ಳೆಗಳು ಎದ್ದರೆ ಹೊಸದಾಗಿ ದೇಹವನ್ನು ಹೊಕ್ಕಿದ್ದೇನೆಂದು ಕೇಳಬೇಕು. ಕಾರಣವನ್ನು ದೂರಮಾಡುವ 'ನಿದಾನ ಪರಿವರ್ಜನ'ವೇ ಆಯುರ್ವೇದದ ಮೊದಲ ಚಿಕಿತ್ಸೆ. ಒಳಗೆ ಸೂಜಿ ನಡೆಯುತ್ತಿರಲು ಹೊರಗೆ ಚಂದನ ಲೇಪಿಸಿ ಫಲವೇನು?

ಇದನ್ನೋದಿ ಬಿ12 ಎಂದರೇ ಕೆಟ್ಟದ್ದೆಂದು ಯಾರೂ ಭಾವಿಸಬಾರದು. ಶಾಕಾಹಾರಿಗಳಾದ ನಮ್ಮವರಲ್ಲಿ ಇದರ ಕೊರತೆ ನಿಜವಾಗಿಯೂ ಇದೆ. ಕಾಳು, ಸೊಪ್ಪು, ತರಕಾರಿಗಳಲ್ಲಿ ಅದು ದೊರೆಯದು. ನಮಗೆ ಹಾಲು, ಮೊಸರು, ಮಜ್ಜಿಗೆಯೇ ಆಧಾರ. ವಯೋವೃದ್ಧರಲ್ಲಿ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಕೊರತೆ ಇನ್ನೂ ಹೆಚ್ಚು. ಕಾಲು ಜೋಮು, ನಾಲಗೆ ಉರಿ, ಮರೆವು ಕಂಡರೆ ಉದಾಸೀನ ಸಲ್ಲದು. ತಡವಾದರೆ ನರಗಳಿಗಾದ ಹಾನಿ ಶಾಶ್ವತವಾಗಬಹುದು. ಅಂಥವರು ಮೊಡವೆಗೆ ಹೆದರಿ ಚಿಕಿತ್ಸೆಯನ್ನು ತಾವಾಗಿ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಕ್ರಮವನ್ನೋ ಬದಲಿಸುತ್ತಾರೆ.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಸೂಜಿಗೆ ಮೊದಲು ರಕ್ತಪರೀಕ್ಷೆ ಮಾಡಿಸಿರಿ. ಚುಚ್ಚುವ ಔಷಧದ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಹಿಂದೆ ಯಾವುದಾದರೂ ಔಷಧ ಒಗ್ಗದಿದ್ದರೆ ಮೊದಲೇ ಹೇಳಿರಿ. ಗುಳ್ಳೆ ಎದ್ದರೆ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ಹಚ್ಚದಿರಿ. ಅದರಿಂದ ಮೊಡವೆ ಉಲ್ಬಣಿಸುತ್ತದೆ. ಸೂಜಿಯ ಬಳಿಕ ತುಟಿ, ಗಂಟಲು ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಮನೆಮದ್ದಿಗೆ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಧಾವಿಸಿರಿ.

ಆ ಹೆಣ್ಣುಮಗಳ ರಕ್ತಪರೀಕ್ಷೆ ಮಾಡಿಸಿದೆವು. ಆಕೆಗೆ ಇದ್ದದ್ದು ಕಬ್ಬಿಣಾಂಶದ ಕೊರತೆ! ಸುಸ್ತಿನ ಕಾರಣ ಒಂದಾದರೆ ಮಾಡಿಸಿದ ಸೂಜಿ ಇನ್ನೊಂದಕ್ಕೆ. ಸೂಜಿ ನಿಂತಿತು, ಕಬ್ಬಿಣದ ಮಾತ್ರೆ ಆರಂಭವಾಯಿತು. ಎರಡು ತಿಂಗಳಲ್ಲಿ ಮುಖ ತಿಳಿಯಾಯಿತು, ಸುಸ್ತೂ ತಗ್ಗಿತು.

ಕಾಯಕಕ್ಕೆ ಗಟ್ಟಿಯಾದ ಕಾಯ ಬೇಕು. ಅದನ್ನು ಕಟ್ಟುವುದು ನಿತ್ಯದ ಪ್ರಸಾದ ಮತ್ತು ಹೊತ್ತಿಗೆ ಸರಿಯಾದ ನಿದ್ರೆ. ಕೊರತೆ ಇದೆಯೆಂದು ಪರೀಕ್ಷೆ ಹೇಳಿದಾಗ ಸೂಜಿಯೂ ಇರಲಿ.