ನಿಂಬೆಹಣ್ಣಿಗೂ ಹಾಡಿನಲ್ಲಿ ಜಾಗ ಕೊಟ್ಟವರು

ಗೆಳತಿಯರೇ, ಈ ಸಲ ಒಗ್ಗರಣೆಯ ಮಾತು ಬಿಟ್ಟು ಹುಟ್ಟುಹಬ್ಬದ ಸುದ್ದಿ ಹೇಳುತ್ತೇನೆ. ನಮ್ಮ ಹಂಸಲೇಖ ಹುಟ್ಟಿದ್ದು 1951ರ ಜೂನ್ 23ಕ್ಕೆ. ಲೆಕ್ಕ ಹಾಕಿ ನೋಡಿ, 2026ಕ್ಕೆ ಭರ್ತಿ 75! “ಸಿನಿಮಾ ಹಾಡಿನವರಿಗೆ ನಮ್ಮ ಪುಟದಲ್ಲಿ ಏನು ಕೆಲಸ?” ಅಂತ ಕೇಳಬೇಡಿ. ಕೆಲಸ ಇದೆ.

ನಮ್ಮ ಬಂಟ್ವಾಳದ ಕಡೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಆ ಕನ್ನಡವೂ ಪುಸ್ತಕದ್ದೇ. “ಹೋಗುತ್ತೇನೆ, ಬರುತ್ತೇನೆ” ಅಂತ ಒಂದಕ್ಷರ ನುಂಗದೆ ಹೇಳುವವರು ನಾವು. ಘಟ್ಟದ ಮೇಲಿನವರು ಕೇಳಿದರೆ, ಇದೇನು ಯಕ್ಷಗಾನವೋ ಅಂತ ನಗುತ್ತಾರೆ.

1987ರಲ್ಲಿ ‘ಪ್ರೇಮಲೋಕ’ ಬಂದಾಗ ನಾನಿನ್ನೂ ಸಣ್ಣವಳು. ಜಗಲಿಯಲ್ಲಿ ಅಮ್ಮ, ಚಿಕ್ಕಮ್ಮ, ನೆರೆಮನೆಯವರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಡುವೆ ಟೇಪ್‌ರೆಕಾರ್ಡರು. ಹಾಡಿನ ಹುಡುಗಿ ಅಂದರೆ ಚಂದ್ರ, ತಾವರೆ, ಹಂಸದ ನಡಿಗೆ ಅಂತ ಕೇಳಿ ಅಭ್ಯಾಸವಾದ ಕಿವಿಗೆ, ಇವರು ಹುಡುಗಿಯನ್ನು ನಿಂಬೆಹಣ್ಣಿಗೆ ಹೋಲಿಸಿದ್ದು ಬಿತ್ತು ನೋಡಿ! ಚಿಕ್ಕಮ್ಮ ಎಲೆ ಕತ್ತರಿಸುವ ಕತ್ತರಿ ಕೆಳಗಿಟ್ಟು, “ಎಂತ ಮಾರಾಯ್ತಿ, ಅವಳನ್ನು ಉಪ್ಪಿನಕಾಯಿ ಹಾಕುವುದಾ?” ಅಂತ ತುಳುವಿನಲ್ಲಿ ಕೇಳಿದ್ದೇ ತಡ, ಜಗಲಿಗೆ ಜಗಲಿಯೇ ನಕ್ಕಿತು. ಆದರೆ ನೀವೇ ಹೇಳಿ, ತಾವರೆಯನ್ನು ನಾವು ದಿನಾ ಮುಟ್ಟುತ್ತೇವಾ? ನಿಂಬೆಹಣ್ಣು ಕೈಗೆ ಸಿಗುವಂಥದ್ದು.

ಸುಲಭದ ಕನ್ನಡದಲ್ಲಿ ಚಿ. ಉದಯಶಂಕರ್ ಮೊದಲೇ ಬರೆದಿರಲಿಲ್ಲವೇ? ಬರೆದಿದ್ದರು, ಚಂದವಾಗಿಯೇ. ಇವರು ಮಾತ್ರ ಜಗಳ, ತಮಾಷೆ, ಬೀದಿಯ ಮಾತು ಎಲ್ಲವನ್ನೂ ಹಾಗೆ ಹಾಗೆಯೇ ಎತ್ತಿ ರಾಗಕ್ಕೆ ಕೂರಿಸಿದರು. ಮಾತೂ ಅವರದ್ದೇ, ರಾಗವೂ ಅವರದ್ದೇ ಅಲ್ಲವಾ, ಕೇಳುವವರಾರು! ಹೆಸರಿನಲ್ಲೂ ಚೇಷ್ಟೆ ಇದೆ. ಇವರ ಮೊದಲ ಹೆಸರು ಗಂಗರಾಜು. ಬರೆಯುತ್ತಿದ್ದ ‘ಸ್ವಾನ್’ ಪೆನ್ನಿನಿಂದ, ಸ್ವಾನ್ ಅಂದರೆ ಹಂಸ ಅಂತ, ಹಂಸಲೇಖ ಆದದ್ದು ಅಂತ ಹೇಳುತ್ತಾರೆ.

ಹುಟ್ಟುಹಬ್ಬ ಅಂತ ಬರೀ ಹೊಗಳುವುದಿಲ್ಲ. ಕೆಲವು ಹಾಡುಗಳ ಎರಡರ್ಥದ ಮಾತು ಮಾವನವರ ಎದುರು ಕೇಳುವ ಹಾಗಿರಲಿಲ್ಲ. ಓಡಿ ಹೋಗಿ ರೇಡಿಯೋದ ಕಿವಿ ಹಿಂಡಬೇಕಿತ್ತು. ಅದೇ ಮನುಷ್ಯ 1995ರಲ್ಲಿ ಪಂಚಾಕ್ಷರ ಗವಾಯಿಗಳ ಸಿನಿಮಾಕ್ಕೆ ಶಾಸ್ತ್ರೀಯ ಸಂಗೀತ ಮಾಡಿ ರಾಷ್ಟ್ರಪ್ರಶಸ್ತಿ ತಂದರು. ಆಗ ಮಾವನವರೇ ವಾಲ್ಯೂಮು ಹೆಚ್ಚು ಮಾಡಿದ್ದು! 2023ರಲ್ಲಿ ಮೈಸೂರು ದಸರಾ ಉದ್ಘಾಟನೆಗೂ ಇವರನ್ನೇ ಕರೆದರು. (ನಮ್ಮ ವಿಟ್ಲದ ವಿ. ಮನೋಹರ್ ಅವರನ್ನು ಬಿಟ್ಟಿರಲ್ಲ ಅಂತ ಪತ್ರ ಬರೆಯಬೇಡಿ. ‘ಜನುಮದ ಜೋಡಿ’ಯ ಮನೋಹರ್ ನಮ್ಮ ಮನೆಯವರಿದ್ದ ಹಾಗೆ, ಅವರದ್ದೇ ಒಂದು ಕಂತು ಬರೆಯುತ್ತೇನೆ.)

ಈಗ ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಕೇಳಿ. ನನ್ನ ಮಗಳು ಹತ್ತನೇ ಕ್ಲಾಸು. ದೋಸೆ ಹುಯ್ಯುವಾಗ ಗ್ಯಾಸು ಮುಗಿದದ್ದರ ಮೇಲೆ ಒಂದು ಪದ್ಯ ಕಟ್ಟಿದ್ದಳು. ಓದಿದ ಹಿರಿಯರೊಬ್ಬರು, “ಆಡುಮಾತು ಬರೆದರೆ ಪದ್ಯವಾಗುತ್ತದಾ? ಶುದ್ಧವಾಗಿ ಬರೆ” ಅಂದರು. ಹುಡುಗಿ ಪುಸ್ತಕ ಮುಚ್ಚಿಟ್ಟವಳು ಎರಡು ತಿಂಗಳು ತೆರೆಯಲಿಲ್ಲ. ಊಟಕ್ಕೆ ಕೂತರೂ ಮಾತಿಲ್ಲ. ಬುದ್ಧಿ ಹೇಳಿದರೆ ಈಗಿನ ಮಕ್ಕಳು ಕೇಳುತ್ತಾರಾ? ನಾನು ಬಾಯಿ ಮುಚ್ಚಿಕೊಂಡು, ಸಂಜೆ ಅಡುಗೆ ಮಾಡುವಾಗ ಮೊಬೈಲಿನಲ್ಲಿ ‘ಪ್ರೇಮಲೋಕ’ ಹಾಕತೊಡಗಿದೆ. ಮೂರನೇ ದಿನ ಬಾಗಿಲಿಗೆ ಒರಗಿ ನಿಂತು, “ಅಮ್ಮ, ಇದನ್ನೂ ಹಾಡು ಅಂತ ಒಪ್ಪಿದರಾ?” ಅಂತ ಕೇಳಿದಳು. ಒಪ್ಪಿದ್ದು ಮಾತ್ರವಾ, ಮೂವತ್ತೈದು ವರ್ಷ ಕಳೆದರೂ ಮರೆತಿಲ್ಲ ಅಂದೆ.

ಮೊನ್ನೆ ನುಗ್ಗೆಸೊಪ್ಪು ಬಿಡಿಸುತ್ತಾ ಅಜ್ಜಿಗೆ ಏನೋ ಓದಿ ಹೇಳುತ್ತಿದ್ದಳು. ಅಜ್ಜಿ ನಗುವುದು ಒಲೆಯ ತನಕ ಕೇಳಿಸಿತು. ಏನು ಅಂತ ನಾನು ಕೇಳಲು ಹೋಗಲಿಲ್ಲ.

ಜೂನ್ 23ಕ್ಕೆ ನಮ್ಮಲ್ಲಿ ಹಲಸಿನಹಣ್ಣಿನ ಗಟ್ಟಿ. ಅಕ್ಕಿ ಬೆಳ್ತಿಗೆಯೇ ಆಗಬೇಕು, ರುಬ್ಬುವಾಗ ನೀರು ಹಾಕಬೇಡಿ, ಹಣ್ಣಿನ ರಸವೇ ಸಾಕು.