ಬಚ್ಚಲ ನೀರು ಹೋಗುವುದೆಲ್ಲಿಗೆ?

ನಮ್ಮ ಬಾಲ್ಯದಲ್ಲಿ ಬಚ್ಚಲ ನೀರಿಗೆ ಗೊತ್ತಾದ ಜಾಗವಿತ್ತು. ಹಿತ್ತಲಿನ ಬಾಳೆಯ ಬುಡ, ಅದರಾಚೆ ಕೆಸುವಿನ ಪಾತಿ, ಉಳಿದದ್ದು ತೆಂಗಿಗೆ. ಬಾವಿಯಿಂದ ಸೇದಿ, ಕೊಡದಲ್ಲಿ ಹೊತ್ತು ತಂದ ನೀರನ್ನು ಸುಮ್ಮನೆ ಚೆಲ್ಲುವ ಧೈರ್ಯ ಯಾರಿಗಿತ್ತು? ಈಗ ಹಳ್ಳಿಗಳಲ್ಲೂ ಮನೆಯೊಳಗೆ ನಲ್ಲಿ ಬಂದಿದೆ. ಸಂತೋಷದ ಸಂಗತಿಯೇ. ಆದರೆ ಬಂದ ನೀರು ಹೋಗುವುದೆಲ್ಲಿಗೆ?

ಮಕ್ಕಳೇ, ಒಂದು ಲೆಕ್ಕ ಮಾಡೋಣ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರಕಾರ ಹಳ್ಳಿಯ ಒಬ್ಬೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಐದು ಮಂದಿಯ ಮನೆಗೆ 275 ಲೀಟರ್. ಅದರಲ್ಲಿ ಮೂರನೇ ಎರಡು ಪಾಲು ಸ್ನಾನ ಮಾಡಿದ, ಪಾತ್ರೆ, ಬಟ್ಟೆ ತೊಳೆದ ನೀರಾಗಿ ಹೊರಬೀಳುತ್ತದೆ ಎಂದಿಟ್ಟುಕೊಳ್ಳಿ. ಸುಮಾರು 180 ಲೀಟರ್. ಇನ್ನೂರು ಮನೆಗಳ ಊರಾದರೆ ದಿನಕ್ಕೆ 36,000 ಲೀಟರ್. ಅಂದರೆ ಆರು ಸಾವಿರ ಲೀಟರ್ ಹಿಡಿಯುವ ಆರು ಟ್ಯಾಂಕರ್! ಅಷ್ಟೂ ಓಣಿಯ ಚರಂಡಿಗಿಳಿದು ಊರ ಕೆರೆಯ ದಾರಿ ಹಿಡಿಯುತ್ತದೆ.

ಚರಂಡಿ ನೀರು ಕಪ್ಪಾಗಿ ನಾರುವುದೇಕೆ? ಗಂಜಿ, ಎಣ್ಣೆಜಿಡ್ಡು, ಮೈಕೊಳೆ ಎಲ್ಲವೂ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅದನ್ನು ತಿನ್ನುತ್ತ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಆಮೇಲೆ ಆಮ್ಲಜನಕವೇ ಬೇಡದ ಇನ್ನೊಂದು ಬಗೆಯವುಗಳ ಸರದಿ. ಅವು ಬಿಡುವ ಹೈಡ್ರೋಜನ್ ಸಲ್ಫೈಡಿನದೇ ಆ ಕೊಳೆತ ಮೊಟ್ಟೆಯ ವಾಸನೆ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ನೀರೇ ಇಷ್ಟ. (ಡೆಂಗಿಯ ಸೊಳ್ಳೆ ಬೇರೆ. ಅದಕ್ಕೆ ನಿಮ್ಮ ಮನೆಯ ತೊಟ್ಟಿಯ ತಿಳಿನೀರೇ ಸಾಕು.)

ಪಟ್ಟಣದ ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ಯಂತ್ರದಿಂದ ಗಾಳಿ ಊದಿ ಆಮ್ಲಜನಕ ಒದಗಿಸುತ್ತಾರೆ. ಆ ಕರೆಂಟು ಬಿಲ್ಲು ಹಳ್ಳಿಗೆ ಎಟುಕದು. ಅದರ ಬದಲು, ಕೆಸರನ್ನು ಮೊದಲು ತಳಕ್ಕೆ ಕೂರಿಸಿ, ತಿಳಿಯನ್ನು ಒಂದು–ಒಂದೂವರೆ ಮೀಟರ್ ಆಳದ ಅಗಲವಾದ ಕೊಳದಲ್ಲಿ ಕೆಲವು ದಿನ ಬಿಸಿಲಿಗೆ ಬಿಟ್ಟರೆ ಪಾಚಿ ಬೆಳೆಯುತ್ತದೆ. ಪಾಚಿ ಬಿಟ್ಟ ಆಮ್ಲಜನಕ ಬ್ಯಾಕ್ಟೀರಿಯಾಗಳಿಗೆ. ಅವು ಬಿಟ್ಟ ಇಂಗಾಲದ ಡೈಆಕ್ಸೈಡ್ ಪಾಚಿಗೆ. ಬಿಸಿಲಿಗೆ ರೋಗಾಣುಗಳೂ ಸಾಯುತ್ತವೆ. ಗಾಳಿ ಊದುವ ಯಂತ್ರವೇ ಬೇಡ. ಜಾಗ ಬೇಕು, ಆಗಾಗ ಕೆಸರೆತ್ತುವವರು ಬೇಕು. ಕೊಳಗಳು ಕೆಡುವುದು ಹೆಚ್ಚಾಗಿ ಈ ಎರಡನೆಯದರಿಂದಲೇ.

ಜಾಗವಿಲ್ಲದ ಕಡೆ ಮನೆಗೊಂದು ಬಚ್ಚಲುಗುಂಡಿ. ಕಲ್ಲು, ಜಲ್ಲಿ ತುಂಬಿದ ಇಂಗುಗುಂಡಿ. ಕೆಂಪು ಮಣ್ಣಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ಹಾಗಲ್ಲ. ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುವ ಮಣ್ಣು ಅದು. ಒಂದೇ ನಕ್ಷೆಯನ್ನು ಎಲ್ಲ ಊರಿಗೂ ಹಂಚಿದರೆ ಗುಂಡಿಯ ಪಕ್ಕದ ಫಲಕವಷ್ಟೇ ಉಳಿದೀತು.

ತಾಯಿತಂದೆಯರಿಗೆ ಒಂದು ಮಾತು. ಪಾಯಿಖಾನೆಯ ನೀರನ್ನು ಇದಕ್ಕೆ ಎಂದೂ ಬೆರೆಸಬೇಡಿ. ಅದಕ್ಕೆ ಬೇರೆಯೇ ಗುಂಡಿ ಬೇಕು, ಬಾವಿ ಮತ್ತು ಕೊಳವೆಬಾವಿಯಿಂದ ದೂರದಲ್ಲಿ. ಮಲಮೂತ್ರದ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಬಹಳ ಹೆಚ್ಚಿದ್ದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆ ಮಗುವಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುವುದುಂಟು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗದು. ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ನಿಮ್ಮೂರ ಮಣ್ಣು ನೀರು ಕುಡಿಯುತ್ತದೆಯೇ ಎಂದು ನೀವೇ ನೋಡಬಹುದು. ಒಂದಡಿ ಅಗಲ, ಎರಡಡಿ ಆಳ ಅಗೆದು ನೀರು ತುಂಬಿ, ಹಲಗೆ ಮುಚ್ಚಿ, ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ಅರ್ಧ ಅಡಿ ನೀರು ಹೊಯ್ದು, ಅಳತೆಪಟ್ಟಿ ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಎಷ್ಟಿಳಿಯಿತೆಂದು ಬರೆದಿಡಿ. ಕೆರೆಯಂಚಿನಲ್ಲೊಮ್ಮೆ, ದಿಬ್ಬದ ಮೇಲೊಮ್ಮೆ ಮಾಡಿ ಹೋಲಿಸಿ. ಮುಗಿದ ಮೇಲೆ ಗುಂಡಿ ಮುಚ್ಚಲು ಮರೆಯಬೇಡಿ, ಓಣಿಯಲ್ಲಿ ಪುಟ್ಟ ಮಕ್ಕಳಿರುತ್ತಾರೆ.